ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ದೂರಕ್ಕೂ ಒಂದೇ ಉತ್ತರ, ಸಮಯಕ್ಕೂ ಒಂದೇ ಉತ್ತರ ಇರಬೇಕು ಎಂದುಕೊಂಡೇ ಹೆಚ್ಚಿನವರು ಕೇಳುತ್ತಾರೆ. ದೂರದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ, ಏಕೆಂದರೆ ಅದು ರೇಖಾಗಣಿತ. ಸಮಯದಲ್ಲಿ ಮಾತ್ರ ಗಾಳಿ, ರನ್‌ವೇ ಮುಂದಿನ ಸಾಲು, ವೇಳಾಪಟ್ಟಿ ಬರೆದವರ ಮುಂಜಾಗ್ರತೆ, ನೆರೆದೇಶದ ಸರ್ಕಾರ, ಎಲ್ಲರೂ ಕೈಯಾಡಿಸುತ್ತಾರೆ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಇಡೀ ಪುಟ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಹುಡುಕಿಕೊಂಡರೆ ಸಾಕು.

## ಮೊದಲಿಗೆ ಬರುವ ಪ್ರಶ್ನೆಗಳು

ಬೆಂಗಳೂರಿಂದ ದೆಹಲಿಗೆ ಒಂದು ಕಡೆ 1,702 ಕಿ.ಮೀ. ಅಂತಿದೆ, ಇನ್ನೊಂದು ಕಡೆ 1,709, ಮತ್ತೊಂದು ಕಡೆ 1,740. ಯಾವುದನ್ನು ನಂಬೋದು?

ಮೂರನ್ನೂ ನಂಬಬಹುದು, ಮೂರೂ ಬೇರೆ ಬೇರೆ ಅಳತೆಗಳು. 1,740 ಎಂಬುದು ಊರಿಂದ ಊರಿಗೆ. ಕೆಂಪೇಗೌಡ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ, ದೇವನಹಳ್ಳಿಯ ಬಳಿ; ದೆಹಲಿಯ ನಿಲ್ದಾಣ ಇರುವುದು ಆ ಊರಿನ ನೈಋತ್ಯಕ್ಕೆ. ಹಾಗಾಗಿ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದರೆ ದೂರ ಮೂವತ್ತು ನಲವತ್ತು ಕಿಲೋಮೀಟರ್ ಇಳಿಯುತ್ತದೆ.

1,709 ಬರುವುದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ಣ ಗೋಳ ಎಂದು ಹಿಡಿದಾಗ. ನಿಜದಲ್ಲಿ ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ: ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357. ಆ ಚಪ್ಪಟೆಯನ್ನೂ ಲೆಕ್ಕಕ್ಕೆ ತಂದರೆ 1,702. ವ್ಯತ್ಯಾಸ 7 ಕಿ.ಮೀ., ಅಂದರೆ ಅರ್ಧ ನಿಮಿಷದ ಹಾರಾಟ. ಪ್ರಯಾಣಿಕರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕಿಲೋಮೀಟರ್ ಗೊತ್ತಿದೆ. ಎಷ್ಟು ಗಂಟೆ ಆಗುತ್ತೆ ಅಂತ ಬಾಯಿಲೆಕ್ಕದಲ್ಲಿ ಹೇಳೋಕೆ ಆಗುತ್ತಾ?

ಆಗುತ್ತದೆ. ಏರ್‌ಬಸ್ 320, ಬೋಯಿಂಗ್ 737 ಥರದ ಜೆಟ್ ಆದರೆ ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಕೂಡಿಸಿ. ಬೆಂಗಳೂರು–ದೆಹಲಿಗೆ 2 ಗಂಟೆ 8 ನಿಮಿಷ, ಜೊತೆಗೆ 40, ಒಟ್ಟು 2 ಗಂಟೆ 48 ನಿಮಿಷ. ಟಿಕೆಟ್ ಮೇಲಿನ ಸಮಯ ಇದರ ಅಕ್ಕಪಕ್ಕದಲ್ಲೇ ಇರುತ್ತದೆ. ಬೋಯಿಂಗ್ 777, 787 ಥರದ ದೊಡ್ಡ ವಿಮಾನಗಳಿಗೆ 850ರಿಂದ ಭಾಗಿಸಬಹುದು. ರೆಕ್ಕೆಯ ಮೇಲೆ ಪ್ರೊಪೆಲರ್ ತಿರುಗುವ ಎಟಿಆರ್ ಆದರೆ 450ರಿಂದ ಭಾಗಿಸಿ 30 ನಿಮಿಷ ಸೇರಿಸಿ. ಬೆಂಗಳೂರು–ಹುಬ್ಬಳ್ಳಿ ಸುಮಾರು 371 ಕಿ.ಮೀ., ಎಟಿಆರ್‌ನಲ್ಲಿ 1 ಗಂಟೆ 20 ನಿಮಿಷದ ಆಸುಪಾಸು.

ವಿಮಾನದ ನಿಜವಾದ ವೇಗ ಈ ಭಾಜಕಗಳಿಗಿಂತ ಹೆಚ್ಚು. ಏರ್‌ಬಸ್ 320 ಎತ್ತರದಲ್ಲಿ ಶಬ್ದದ ವೇಗದ 0.78 ಪಟ್ಟು, ಅಂದರೆ ಗಂಟೆಗೆ ಸುಮಾರು 830 ಕಿ.ಮೀ. ಹೋಗುತ್ತದೆ, 787 ಸುಮಾರು 900, ಎಟಿಆರ್ 72 ಸುಮಾರು 510. ದಾರಿಯ ಸೊಟ್ಟವನ್ನೂ ನಿಧಾನದ ಭಾಗಗಳನ್ನೂ ನುಂಗಲಿ ಎಂದು ಭಾಜಕ ಇಳಿಸಿಕೊಂಡಿದ್ದೇನೆ.

ಮಂಗಳೂರಿಗೆ ಬರೀ 300 ಕಿ.ಮೀ. ಅಂತೀರಿ. ಗಂಟೆಗೆ 800 ಹೋಗೋ ವಿಮಾನಕ್ಕೆ ಒಂದು ಗಂಟೆ ಯಾಕೆ ಬೇಕು?

ಬೆಂಗಳೂರಿಂದ ಬಜಪೆ ನಿಲ್ದಾಣಕ್ಕೆ ನೇರ ದೂರ ಸುಮಾರು 306 ಕಿ.ಮೀ. ಅಷ್ಟಕ್ಕೆ ಒಂದು ಗಂಟೆ ಐದು ನಿಮಿಷ ಎಂದರೆ ಸರಾಸರಿ ವೇಗ 300 ಕೂಡ ಮುಟ್ಟುವುದಿಲ್ಲ. ಕಾರಣ, ಇಷ್ಟು ಹತ್ತಿರದ ಊರಿಗೆ ವಿಮಾನ ‘ಹಾರುವ’ ಭಾಗವೇ ಕಡಿಮೆ. ಗೇಟ್ ಬಿಟ್ಟು ರನ್‌ವೇ ತುದಿಗೆ ಹೋಗಲು ಹತ್ತು ಹದಿನೈದು ನಿಮಿಷ. ಮೇಲೆದ್ದ ಮೇಲೂ 10,000 ಅಡಿ ದಾಟುವ ತನಕ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ. ಇಳಿಯುವಾಗ ಪೈಲಟ್‌ಗಳ ರೂಢಿಯ ಲೆಕ್ಕವೆಂದರೆ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 35,000 ಅಡಿಗೆ ಏರಿದ್ದರೆ ಇಳಿಯುವುದಕ್ಕೇ 105 ನಾಟಿಕಲ್ ಮೈಲಿ, ಸುಮಾರು 195 ಕಿ.ಮೀ. ಬೇಕು. 306ರಲ್ಲಿ 195 ಹೋದರೆ ಉಳಿದದ್ದು ಏರುವುದಕ್ಕೇ ಸರಿಹೋಗುತ್ತದೆ. ಅದಕ್ಕೇ ಇಂಥ ಹಾರಾಟಗಳಲ್ಲಿ ವಿಮಾನ ಅಷ್ಟು ಎತ್ತರಕ್ಕೆ ಹೋಗುವ ಗೋಜಿಗೇ ಹೋಗದೆ ಕೆಳಮಟ್ಟದಲ್ಲೇ ಉಳಿಯುವುದುಂಟು.

ಲಂಡನ್ನಿನಂಥ ದೂರಕ್ಕೆ ಈ ನಲವತ್ತು ನಿಮಿಷದ ತೆರಿಗೆ ಗೊತ್ತೇ ಆಗುವುದಿಲ್ಲ.

ಟಿಕೆಟ್ ಮೇಲೆ 2 ಗಂಟೆ 50 ನಿಮಿಷ ಅಂತಿತ್ತು. ಪೈಲಟ್ ‘ಹಾರಾಟದ ಅವಧಿ 2 ಗಂಟೆ 20 ನಿಮಿಷ’ ಅಂದ್ರು. ಯಾರು ಸರಿ?

ಇಬ್ಬರೂ. ಪೈಲಟ್ ಹೇಳಿದ್ದು ಚಕ್ರ ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗಿನ ಸಮಯ. ಟಿಕೆಟ್ ಮೇಲಿರುವುದು ಬ್ಲಾಕ್ ಟೈಮ್: ವಿಮಾನ ಒಂದು ಊರಿನ ಗೇಟ್‌ನಿಂದ ಕದಲಿದಾಗಿನಿಂದ ಇನ್ನೊಂದು ಊರಿನ ಗೇಟ್‌ನಲ್ಲಿ ನಿಲ್ಲುವವರೆಗೆ. ಇದರಲ್ಲಿ ನೆಲದ ಮೇಲಿನ ಓಡಾಟ, ರನ್‌ವೇಗಾಗಿ ಕಾಯುವುದು ಎಲ್ಲ ಸೇರಿದೆ.

ಇನ್ನೊಂದು ಒಳಗುಟ್ಟೂ ಇದೆ. ಕಂಪನಿಗಳು ವೇಳಾಪಟ್ಟಿಯಲ್ಲಿ ಐದು ಹತ್ತು ನಿಮಿಷ ಹೆಚ್ಚೇ ಬರೆದಿಡುತ್ತವೆ. 15 ನಿಮಿಷದೊಳಗಿನ ತಡವನ್ನು ಸಮಯಪಾಲನೆಯ ಅಂಕಿಅಂಶದಲ್ಲಿ ತಡ ಎಂದೇ ಹಿಡಿಯುವುದಿಲ್ಲ. ಅದರ ಮೇಲೆ ಈ ಮೀಸಲೂ ಇದ್ದರೆ ತಡವಾಗಿ ಹೊರಟ ವಿಮಾನವೂ ‘ಸಮಯಕ್ಕೆ ಸರಿಯಾಗಿ’ ತಲುಪುತ್ತದೆ. ಮೋಸ ಎನ್ನಲಾರೆ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಈ ಹೆಚ್ಚುವರಿ ನಿಮಿಷಗಳೇ ಆಸರೆ.

ನಾಟಿಕಲ್ ಮೈಲಿ, ಮಾಮೂಲಿ ಮೈಲಿ, ಎರಡೂ ಒಂದೇನಾ?

ಅಲ್ಲ. ರಸ್ತೆಯ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ ಸರಿಯಾಗಿ 1.852 ಕಿ.ಮೀ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಒಂದು ನಾಟ್. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ನಾಟಿಕಲ್ ಮೈಲಿ ಬರುವಂತೆ ಈ ಅಳತೆ ಹುಟ್ಟಿದ್ದು, ಹಾಗಾಗಿ ನಕ್ಷೆ ನೋಡುವವರಿಗೆ ಅನುಕೂಲ. ಕಂಪನಿಗಳು ಕೊಡುವ ‘ಮೈಲ್ಸ್’ ಪಾಯಿಂಟ್‌ಗಳು ರಸ್ತೆಯ ಮೈಲಿಯ ಲೆಕ್ಕದವು.

ದುಬೈಗೆ 10 ಗಂಟೆಗೆ ಹೊರಟು 12:30ಕ್ಕೆ ತಲುಪುತ್ತೆ ಅಂತ ಟಿಕೆಟ್‌ನಲ್ಲಿದೆ. ಎರಡೂವರೆ ಗಂಟೆಗೆ ದುಬೈ?

ನಾಲ್ಕು ಗಂಟೆ. ಟಿಕೆಟ್ ಮೇಲೆ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿ 12:30 ಆದಾಗ ನಮ್ಮಲ್ಲಿ ಮಧ್ಯಾಹ್ನ 2 ಗಂಟೆ.

ಗೊಂದಲ ಬೇಡವೆಂದರೆ ಎರಡೂ ಸಮಯವನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ತನ್ನಿ. ಪೈಲಟ್‌ಗಳೂ ನಿಯಂತ್ರಕರೂ ಮಾಡುವುದು ಅದನ್ನೇ. ನಮ್ಮ ಸಮಯದಿಂದ 5:30 ಕಳೆಯಿರಿ, ದುಬೈ ಸಮಯದಿಂದ 4:00 ಕಳೆಯಿರಿ: 4:30ಕ್ಕೆ ಹೊರಟು 8:30ಕ್ಕೆ ತಲುಪಿತು.

## ಕೈಯಾರೆ ಲೆಕ್ಕ ಹಾಕುವವರಿಗೆ

ಲೆಕ್ಕಕ್ಕೆ ಅಕ್ಷಾಂಶ ರೇಖಾಂಶ ಬೇಕಂತೆ. ಯಾವುದನ್ನು ತಗೋಬೇಕು, ಊರಿನದ್ದಾ ನಿಲ್ದಾಣದ್ದಾ?

ನಿಲ್ದಾಣದ್ದು. ಪ್ರತಿ ನಿಲ್ದಾಣಕ್ಕೂ ಮೂರಕ್ಷರದ ಸಂಕೇತವಿದೆ: ಬೆಂಗಳೂರಿಗೆ ಬಿಎಲ್‌ಆರ್, ಮಂಗಳೂರಿಗೆ ಐಎಕ್ಸ್‌ಇ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಬೆಳಗಾವಿಗೆ ಐಎಕ್ಸ್‌ಜಿ. ಆ ಸಂಕೇತ ಕೊಟ್ಟು ಹುಡುಕಿದರೆ ಸ್ಥಾನ ಸಿಗುತ್ತದೆ. ಎರಡು ಎಚ್ಚರಿಕೆ. ಬೆಂಗಳೂರಿನ ಸಂಕೇತ 2008ರ ಮೇ 24ಕ್ಕೂ ಮೊದಲು ಎಚ್‌ಎಎಲ್ ನಿಲ್ದಾಣದ್ದಾಗಿತ್ತು. ಹಳೆಯ ಪಟ್ಟಿಯಲ್ಲಿ ಬಿಎಲ್‌ಆರ್ ಎಂದಿದ್ದು ಅಕ್ಷಾಂಶ 12.95 ಇದ್ದರೆ ಅದು ಹಳೇ ನಿಲ್ದಾಣ. ಗೋವಾಕ್ಕೆ ಈಗ ಎರಡು ನಿಲ್ದಾಣ, ದಾಬೋಲಿಂನ ಜಿಒಐ ಮತ್ತು ಉತ್ತರದ ಮೋಪಾದ ಜಿಒಎಕ್ಸ್. ಆಕಾಶದಲ್ಲಿ ಇವೆರಡರ ನಡುವೆ ದೊಡ್ಡ ಅಂತರವಿಲ್ಲ. ಆದರೆ ಕಾರವಾರಕ್ಕೆ ಹೋಗುವವರು ಮೋಪಾದಲ್ಲಿ ಇಳಿದರೆ ಇಡೀ ಗೋವಾವನ್ನು ರಸ್ತೆಯಲ್ಲಿ ದಾಟಬೇಕು.

ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಕೊಟ್ಟಿದ್ದರೆ ದಶಮಾಂಶಕ್ಕೆ ತಂದುಕೊಳ್ಳಿ: ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಕೂಡಿಸುವುದು. ಎರಡು ದಶಮಾಂಶ ಸ್ಥಾನ ಇದ್ದರೆ ಒಂದು ಕಿಲೋಮೀಟರಿನ ಆಸುಪಾಸಿಗೆ ಸರಿ ಬರುತ್ತದೆ.

ಸೂತ್ರ ಹೇಳಿ. ಒಂದು ಉದಾಹರಣೆಯನ್ನೂ ಪೂರ್ತಿ ಮಾಡಿ ತೋರಿಸಿ.

ಸೂತ್ರದ ಹೆಸರು ಹಾವರ್‌ಸೈನ್. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ (ಗೋಳವನ್ನು ಸರಿಯಾಗಿ ಎರಡು ಭಾಗ ಮಾಡುವ ವೃತ್ತ) ಒಂದು ತುಂಡು. ಅದರ ಉದ್ದ ಇದರಿಂದ ಸಿಗುತ್ತದೆ. ಪಿಯುಸಿ ತ್ರಿಕೋನಮಿತಿ ನೆನಪಿದ್ದರೆ ಸಾಕು.

ಬೆಂಗಳೂರು 13.1979 ಉತ್ತರ, 77.7063 ಪೂರ್ವ. ದುಬೈ 25.2528 ಉತ್ತರ, 55.3644 ಪೂರ್ವ.

ಅಕ್ಷಾಂಶಗಳ ವ್ಯತ್ಯಾಸ 12.0549 ಡಿಗ್ರಿ. ಅದರ ಅರ್ಧ 6.0275, ಅದರ ಸೈನ್ 0.1050, ವರ್ಗ 0.01103. ಇದನ್ನು ಪಕ್ಕಕ್ಕಿಡಿ. ರೇಖಾಂಶಗಳ ವ್ಯತ್ಯಾಸ 22.3419. ಅರ್ಧ 11.171, ಸೈನ್ 0.1937, ವರ್ಗ 0.03753. ಇದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ, ಅಂದರೆ 0.9736 ಮತ್ತು 0.9044ರಿಂದ ಗುಣಿಸಿ: 0.03305. ಪಕ್ಕಕ್ಕಿಟ್ಟದ್ದನ್ನು ಕೂಡಿಸಿದರೆ 0.04408. ಅದರ ವರ್ಗಮೂಲ 0.20995. ಯಾವ ಕೋನದ ಸೈನ್ ಇಷ್ಟು ಎಂದು ರೇಡಿಯನ್‌ನಲ್ಲಿ ಕಂಡುಹಿಡಿಯಿರಿ: 0.2115. ಅದನ್ನು 2ರಿಂದ, ಆಮೇಲೆ 6,371ರಿಂದ ಗುಣಿಸಿ. ಉತ್ತರ 2,695 ಕಿ.ಮೀ.

800ರಿಂದ ಭಾಗಿಸಿ 40 ಕೂಡಿಸಿದರೆ 4 ಗಂಟೆ 2 ನಿಮಿಷ. ದುಬೈಗೆ ಓಡಾಡುವವರಿಗೆ ಗೊತ್ತಿರುವ ಸಮಯವೇ ಅದು.

ಇದೇ ಸೂತ್ರ ಎಕ್ಸೆಲ್‌ನಲ್ಲಿ ಹಾಕಿದೆ, ಏನೇನೋ ಉತ್ತರ ಬರ್ತಿದೆ.

ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಎಕ್ಸೆಲ್‌ನ ಸೈನ್, ಕೊಸೈನ್‌ಗಳಿಗೆ ಡಿಗ್ರಿ ಅರ್ಥವಾಗದು, ರೇಡಿಯನ್ ಬೇಕು. ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಿ ಕೊಡಿ. ಅದು ಸರಿಯಿದ್ದರೆ ಚಿಹ್ನೆ ನೋಡಿ. ಪಶ್ಚಿಮ ರೇಖಾಂಶ ಮತ್ತು ದಕ್ಷಿಣ ಅಕ್ಷಾಂಶಗಳಿಗೆ ಮೈನಸ್ ಹಾಕಬೇಕು. ಸಾನ್ ಫ್ರಾನ್ಸಿಸ್ಕೊಗೆ ಮೈನಸ್ 122.375. ರೇಖಾಂಶದ ವ್ಯತ್ಯಾಸ 180 ದಾಟಿ 200 ಬಂದರೂ ಹೆದರಬೇಡಿ, ಸೈನ್ ವರ್ಗ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಉತ್ತರ 20,000 ಕಿ.ಮೀ. ಮೀರಿದರೆ ಖಂಡಿತ ತಪ್ಪು. ಭೂಮಿಯ ಮೇಲಿನ ಯಾವ ಎರಡು ಜಾಗಗಳೂ ಅದಕ್ಕಿಂತ ದೂರ ಇರಲಾರವು, ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ.

ವಿಮಾನ 11 ಕಿ.ಮೀ. ಎತ್ತರದಲ್ಲಿ ಹಾರುತ್ತೆ. ಅಲ್ಲಿ ವೃತ್ತ ದೊಡ್ಡದಲ್ವಾ, ದೂರ ಹೆಚ್ಚಾಗಬೇಕಲ್ವಾ?

ಹೆಚ್ಚಾಗುತ್ತದೆ, ನೂರಕ್ಕೆ 0.17ರಷ್ಟು. ಬೆಂಗಳೂರು–ಲಂಡನ್‌ನ ಸುಮಾರು 8,040 ಕಿ.ಮೀ.ಗೆ ಇದು 14 ಕಿ.ಮೀ. ಒಂದು ನಿಮಿಷ.

ಅಮೆರಿಕಕ್ಕೆ ಹೋಗೋ ವಿಮಾನ ಮ್ಯಾಪ್‌ನಲ್ಲಿ ನೇರ ಹೋಗದೆ ಮೇಲಕ್ಕೆ ಬಾಗಿ ಹೋಗುತ್ತಲ್ಲ, ಸುತ್ತುದಾರಿ ಅಲ್ವಾ?

ಬಾಗಿದ್ದು ಮ್ಯಾಪು. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವಗಳ ಕಡೆ ಎಲ್ಲವೂ ಹಿಗ್ಗುತ್ತದೆ, ಹಾಗಾಗಿ ಅತಿ ಹತ್ತಿರದ ದಾರಿ ಅಲ್ಲಿ ಬಿಲ್ಲಿನಂತೆ ಕಾಣುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೊಗೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಟಿಬೆಟ್, ಚೀನಾ, ರಷ್ಯಾದ ಪೂರ್ವ ತುದಿ, ಅಲಾಸ್ಕಾ ಮೇಲೆ ಹೋಗುತ್ತದೆ. ನಾನು ಲೆಕ್ಕ ಹಾಕಿದರೆ ಆ ದಾರಿ ಸುಮಾರು 71 ಡಿಗ್ರಿ ಉತ್ತರದವರೆಗೆ, ಅಂದರೆ ಆರ್ಕ್ಟಿಕ್ ವೃತ್ತದ ಒಳಕ್ಕೆ, ಏರಿ ಇಳಿಯುತ್ತದೆ. ಉದ್ದ ಸುಮಾರು 13,990 ಕಿ.ಮೀ.

ಇಲ್ಲೇ ಒಂದು ಚಂದದ ಲೆಕ್ಕವಿದೆ. ಸರಿಯಾಗಿ ಉತ್ತರ ಧ್ರುವದ ಮೇಲೇ ಹಾದು ಹೋದರೆ ಎಷ್ಟಾಗುತ್ತದೆ? ಸೂತ್ರವೇ ಬೇಡ. ಬೆಂಗಳೂರಿಂದ ಧ್ರುವಕ್ಕೆ 90ರಲ್ಲಿ 13.2 ಕಳೆದರೆ 76.8 ಡಿಗ್ರಿ, ಧ್ರುವದಿಂದ ಆ ಕಡೆಗೆ 52.4. ಒಟ್ಟು 129.2 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ. ಹಿಡಿದರೆ ಸುಮಾರು 14,370. ಅತಿ ಹತ್ತಿರದ ದಾರಿಗಿಂತ 400 ಕಿ.ಮೀ. ಕೂಡ ಹೆಚ್ಚಿಲ್ಲ! ಗಾಳಿ ಅನುಕೂಲವಾಗಿದ್ದರೆ ಅಷ್ಟು ದೂರ ಏನೂ ಅಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಾನ್ ಫ್ರಾನ್ಸಿಸ್ಕೊ–ಬೆಂಗಳೂರು ಹಾರಾಟ ಶುರುಮಾಡಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳೆಯರದೇ ತಂಡ ಧ್ರುವದ ದಾರಿಯಲ್ಲೇ ಬಂದಿತ್ತು.

## ಗಾಳಿ, ಬೆಟ್ಟ, ಗಡಿ

ಭೂಮಿ ಪೂರ್ವಕ್ಕೆ ತಿರುಗುತ್ತೆ. ಹಾಗಾದ್ರೆ ಪಶ್ಚಿಮಕ್ಕೆ ಹೋಗೋರು ಬೇಗ ತಲುಪಬೇಕಲ್ವಾ?

ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಅದರೊಂದಿಗೆ ಗಾಳಿಯೂ, ನಿಂತ ವಿಮಾನವೂ ಸಾಗುತ್ತಿವೆ. ಮೇಲೆದ್ದ ವಿಮಾನ ಈ ವೇಗವನ್ನು ನೆಲದಲ್ಲಿ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಭೂಮಿಯ ತಿರುಗುವಿಕೆ ಪ್ರಯಾಣದ ಸಮಯವನ್ನು ಬದಲಿಸುವುದು ಹಿಂಬಾಗಿಲಿನಿಂದ: ಮೇಲುಗಾಳಿಗಳ ದಿಕ್ಕನ್ನು ರೂಪಿಸುವುದರ ಮೂಲಕ.

ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು. ದೂರ ಅದೇ ಅಲ್ವಾ?

ದೂರ ಅದೇ, ಗಾಳಿ ಬೇರೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಸುಲಭವಾಗಿ ದಾಟುತ್ತದೆ. ಅದು ಬೆನ್ನಿಗಿದ್ದರೆ ವಿಮಾನ ನೆಲದ ಲೆಕ್ಕದಲ್ಲಿ ಬೇಗ, ಎದುರಿಗಿದ್ದರೆ ತಡ. ಸೀಟಿನ ಮುಂದಿನ ಪರದೆಯಲ್ಲಿ ಒಮ್ಮೆ 750, ಒಮ್ಮೆ 1,000 ಎಂದು ಕಾಣುವುದು ಇದೇ ಕಾರಣಕ್ಕೆ. 2020ರ ಫೆಬ್ರುವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಅದೇ ದಾರಿ ವಾಪಸ್ ಹೋಗಲು ಏಳೆಂಟು ಗಂಟೆ ಬೇಕು.

ನಮ್ಮಲ್ಲಿ ಚಳಿಗಾಲದಲ್ಲಿ ದೆಹಲಿಯಿಂದ ಗುವಾಹಟಿಗೆ ಬೇಗ, ವಾಪಸ್ ಬರುವುದು ತಡ. ದಕ್ಷಿಣದ ಕಥೆ ಬೇರೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ನೆಲದ ಹತ್ತಿರ ಗಾಳಿ ಅರಬ್ಬಿ ಸಮುದ್ರದಿಂದ ಬೀಸುತ್ತಿದ್ದರೂ ಬಹಳ ಎತ್ತರದಲ್ಲಿ ಅದು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಈ ಪೂರ್ವ ದಿಕ್ಕಿನ ಜೆಟ್ ಅನ್ನು 1958ರಲ್ಲಿ ವಿವರಿಸಿದವರು ನಮ್ಮದೇ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಹಾಗಾಗಿ ಜುಲೈನಲ್ಲಿ ಬೆಂಗಳೂರಿಂದ ಕೊಲ್ಲಿ ದೇಶಗಳಿಗೆ ಹೋಗುವ ವಿಮಾನಕ್ಕೆ ಗಾಳಿ ಬೆನ್ನಿಗಿರಬಹುದು. ‘ಪಶ್ಚಿಮಕ್ಕೆ ಹೋದರೆ ಯಾವಾಗಲೂ ತಡ’ ಎಂಬ ಮಾತು ನಮ್ಮ ಅಕ್ಷಾಂಶದಲ್ಲಿ ವರ್ಷವಿಡೀ ನಡೆಯುವುದಿಲ್ಲ.

ಬೆಂಗಳೂರು–ದೆಹಲಿ ದಕ್ಷಿಣೋತ್ತರ ದಾರಿ, ಗಾಳಿ ಪಕ್ಕದಿಂದ ತಾಗುತ್ತದೆ. ಹೋಗುವುದಕ್ಕೂ ಬರುವುದಕ್ಕೂ ದೊಡ್ಡ ವ್ಯತ್ಯಾಸ ಕಾಣದು.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತೆ. ಒಟ್ಟು ಲೆಕ್ಕ ಸಮ ಆಯ್ತಲ್ಲ?

ಆಗುವುದಿಲ್ಲ. 3,600 ಕಿ.ಮೀ. ದೂರ, 900ರ ವೇಗ ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ 4 ಗಂಟೆ ಹೋಗಲು, 4 ಬರಲು. 100ರ ಗಾಳಿ ಇದ್ದರೆ ಒಂದು ಕಡೆಗೆ 3:36, ಇನ್ನೊಂದು ಕಡೆಗೆ 4:30, ಒಟ್ಟು 8:06. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚಾದ್ದರಿಂದ ಗಾಳಿ ಯಾವಾಗಲೂ ಸ್ವಲ್ಪ ತಿಂದೇ ತಿನ್ನುತ್ತದೆ.

ಫ್ಲೈಟ್ ಟ್ರ್ಯಾಕ್ ಮಾಡಿದ್ರೆ ಸೂತ್ರಕ್ಕಿಂತ ನೂರು ಕಿ.ಮೀ. ಜಾಸ್ತಿ ಹಾರಿರುತ್ತೆ. ಯಾಕೆ?

ಗಾಳಿ ಎದುರಿಗೆ ಬರುವಂತೆ ನೆಲ ಬಿಟ್ಟು ಮೇಲೇಳಬೇಕು, ಗಾಳಿ ಎದುರಿಗಿರುವಂತೆಯೇ ಇಳಿಯಬೇಕು. ದೆಹಲಿಗೆ ಹೋಗುವ ವಿಮಾನ ಬೆಂಗಳೂರಿನಲ್ಲಿ ಪಶ್ಚಿಮಕ್ಕೋ ಪೂರ್ವಕ್ಕೋ ಮುಖಮಾಡಿ ಎದ್ದು ಆಮೇಲೆ ಉತ್ತರಕ್ಕೆ ತಿರುಗುತ್ತದೆ. ನಡುವೆ ಐದಕ್ಷರದ ಹೆಸರುಗಳುಳ್ಳ ನಿಗದಿತ ಬಿಂದುಗಳಿಂದ ಬಿಂದುಗಳಿಗೆ ಸಾಗುತ್ತದೆ. ಸೇನೆಗೆ ಮೀಸಲಾದ ಆಕಾಶ ಬಂದರೆ ಸುತ್ತಿ ಹೋಗುತ್ತದೆ. ಭಾರತದ ಆಕಾಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುವುದು ಶೇ. 60 ಮಾತ್ರ ಎಂದು 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದ್ದರು. ದೇಶದೊಳಗಿನ ದಾರಿಗೆ ನಾನು ಸೂತ್ರದ ಉತ್ತರದ ಮೇಲೆ ಶೇ. 5 ಸೇರಿಸಿಕೊಳ್ಳುತ್ತೇನೆ.

ಇಳಿಯುವ ಮುನ್ನ ಸುತ್ತು ಹಾಕಿಸಿದರೆ ಅದು ಬೇರೆ. ಸಾಮಾನ್ಯವಾಗಿ ಒಂದು ಸುತ್ತಿಗೆ ನಾಲ್ಕು ನಿಮಿಷ. ಕಿಟಕಿಯಲ್ಲಿ ಅದೇ ಕೆರೆ ಎಷ್ಟು ಸಲ ಬಂತೆಂದು ಎಣಿಸಿದರೆ ತಡವೆಷ್ಟೆಂದು ಗೊತ್ತಾಗುತ್ತದೆ.

ಅಮೆರಿಕಕ್ಕೆ ಅತಿ ಹತ್ತಿರದ ದಾರಿ ಟಿಬೆಟ್ ಮೇಲಿದ್ದರೆ ಅಲ್ಲೇ ಯಾಕೆ ಹೋಗಲ್ಲ? ವಿಮಾನ ಎವರೆಸ್ಟ್‌ಗಿಂತ ಮೇಲೆ ಹಾರುತ್ತಲ್ಲ?

ಹಾರುತ್ತದೆ, ಎಲ್ಲ ಸರಿಯಿದ್ದಾಗ. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದುಬಿಟ್ಟರೆ ಪೈಲಟ್ ಕೂಡಲೇ 10,000 ಅಡಿಗೆ, ಅಂದರೆ ಮೂರು ಕಿಲೋಮೀಟರಿಗೆ ಇಳಿಯಬೇಕು. ತಲೆಯ ಮೇಲಿಂದ ಬೀಳುವ ಮುಖವಾಡದಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರ, ಅದೂ ಸಾವಿರಾರು ಕಿಲೋಮೀಟರ್ ಹರವು. ಇಳಿಯಲು ಜಾಗವೇ ಇಲ್ಲ. ಹೆಚ್ಚುವರಿ ಆಮ್ಲಜನಕ, ಮೊದಲೇ ಗೊತ್ತುಮಾಡಿದ ತಪ್ಪಿಸಿಕೊಳ್ಳುವ ದಾರಿಗಳು ಇದ್ದರಷ್ಟೇ ಅಲ್ಲಿ ಹಾರಬಹುದು. ಬಹುತೇಕ ಕಂಪನಿಗಳು ಆ ಗೋಜು ಬೇಡವೆಂದು ಪಕ್ಕದಿಂದ ಹೋಗುತ್ತವೆ.

ಪಾಕಿಸ್ತಾನ ಆಕಾಶ ಮುಚ್ಚಿದರೆ ಬೆಂಗಳೂರಿನವರಿಗೂ ತಡ ಆಗುತ್ತಾ?

ಸ್ವಲ್ಪ. ಬೆಂಗಳೂರು–ಲಂಡನ್ ಮಹಾವೃತ್ತದ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಕರಾಚಿಯ ನೆತ್ತಿಯ ಮೇಲೇ ಹಾಯುತ್ತದೆ. ಆದರೆ ನಮಗೆ ಪಕ್ಕದಲ್ಲೇ ಅರಬ್ಬಿ ಸಮುದ್ರವಿದೆ. ಗೆರೆಯನ್ನು ತುಸು ಪಶ್ಚಿಮಕ್ಕೆ ತಳ್ಳಿ ಕಡಲ ಮೇಲಿಂದ ಹೋದರಾಯಿತು. ನಿಜವಾದ ಪೆಟ್ಟು ದೆಹಲಿಗೆ. ಅಲ್ಲಿಂದ ಹೊರಟ ವಿಮಾನ ಮೊದಲು ದಕ್ಷಿಣಕ್ಕೆ ಗುಜರಾತಿನ ಕಡೆ ಇಳಿದು ಆಮೇಲೆ ಪಶ್ಚಿಮಕ್ಕೆ ತಿರುಗಬೇಕು. 2019ರಲ್ಲಿ ಫೆಬ್ರುವರಿ ಕೊನೆಯಿಂದ ಜುಲೈ 16ರವರೆಗೆ ಹೀಗಾಗಿತ್ತು. 2025ರ ಏಪ್ರಿಲ್ 24ರಂದು ಭಾರತೀಯ ಕಂಪನಿಗಳಿಗೆ ಮತ್ತೆ ಬಾಗಿಲು ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು.

ಇದಕ್ಕಿಂತ ದೊಡ್ಡ ಉದಾಹರಣೆ ಹೆಲ್ಸಿಂಕಿ–ಟೋಕಿಯೊ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಏರ್‌ಗೆ ಒಂಬತ್ತೂವರೆ ಗಂಟೆಯ ದಾರಿ ಸುಮಾರು ಹದಿಮೂರಕ್ಕೆ ಏರಿತು. ಊರುಗಳೇನೂ ಜರುಗಲಿಲ್ಲ.

ಸಾನ್ ಫ್ರಾನ್ಸಿಸ್ಕೊದಿಂದ 9ನೇ ತಾರೀಖು ಹೊರಟು 11ಕ್ಕೆ ಬೆಂಗಳೂರು! ಎರಡು ದಿನ ಹಾರೋದಾ?

ಹದಿನೇಳೂವರೆ ಗಂಟೆಯಷ್ಟೇ. ಮೇಲೆ ಹೇಳಿದ 2021ರ ಹಾರಾಟದ ತಾರೀಖುಗಳೂ ಇವೇ. ರಾತ್ರಿ 8:30ಕ್ಕೆ ಹೊರಟರೆ, ಚಳಿಗಾಲದಲ್ಲಿ ಅಲ್ಲಿನ ಸಮಯ ಯುಟಿಸಿಗಿಂತ 8 ಗಂಟೆ ಹಿಂದೆ, ಆಗಲೇ ಯುಟಿಸಿ 10ನೇ ತಾರೀಖು ಬೆಳಗಿನ 4:30. ಅದಕ್ಕೆ 17:30 ಕೂಡಿಸಿದರೆ 10ರ ರಾತ್ರಿ 10. ನಮ್ಮ 5:30 ಸೇರಿಸಿದರೆ 11ರ ಬೆಳಗಿನ ಜಾವ 3:30. ನಿಲ್ದಾಣಕ್ಕೆ ಕರೆಯಲು ಹೋಗುವವರು ಟಿಕೆಟ್ ಮೇಲಿನ ಸಣ್ಣ ‘+2’ ನೋಡದೆ 10ನೇ ತಾರೀಖೇ ಹೋಗಿ ನಿಲ್ಲುವುದುಂಟು.

ಇನ್ನೊಂದು ಬಲೆ ಬೇಸಿಗೆ ಸಮಯ. ನಾವು ಗಡಿಯಾರ ಮುಟ್ಟುವುದಿಲ್ಲ, ಅವರು ಮುಟ್ಟುತ್ತಾರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ, ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೇ ಭಾನುವಾರದಿಂದ ಅಕ್ಟೋಬರ್‌ನ ಕೊನೇ ಭಾನುವಾರದವರೆಗೆ ಒಂದು ಗಂಟೆ ಮುಂದು. ಗಡಿಯಾರ ಬದಲಾಗುವ ವಾರಗಳಲ್ಲಿ ಪ್ರಯಾಣವಿದ್ದರೆ ಮತ್ತೊಮ್ಮೆ ಲೆಕ್ಕ ಹಾಕಿ.

## ದುಡ್ಡು, ರಸ್ತೆ, ಪರಿಹಾರ

ಮಂಗಳೂರಿಗೆ ವಿಮಾನದಲ್ಲಿ ಹೋದ್ರೆ ನಿಜವಾಗ್ಲೂ ಟೈಮ್ ಉಳಿಯುತ್ತಾ?

ನೀವು ಬೆಂಗಳೂರಿನ ಯಾವ ಮೂಲೆಯಲ್ಲಿದ್ದೀರಿ ಎಂಬುದರ ಮೇಲಿದೆ. ಊರಿನ ನಡುವಿನಿಂದ ನಿಲ್ದಾಣ ಸುಮಾರು 35 ಕಿ.ಮೀ., ಟ್ರಾಫಿಕ್ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಚೆಕ್‌ಇನ್, ತಪಾಸಣೆಗೆ ಒಂದೂವರೆ. ಬ್ಲಾಕ್ ಟೈಮ್ ಒಂದು ಗಂಟೆ. ಬಜಪೆಯಲ್ಲಿ ಬ್ಯಾಗು ಹಿಡಿದು ಊರು ಸೇರಲು ಇನ್ನೊಂದು ಗಂಟೆ. ಒಟ್ಟು ಐದು. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಏಳೆಂಟು ಗಂಟೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಏನು ಮಾಡುತ್ತದೋ ಅದರ ಮೇಲೆ. ಹೆಬ್ಬಾಳದವರು ವಿಮಾನ ಹಿಡಿಯಲಿ. ಕೆಂಗೇರಿಯವರು ವಿಮಾನ ನಿಲ್ದಾಣ ತಲುಪುವ ಹೊತ್ತಿಗೆ ಕಾರಿನಲ್ಲಿ ಹೊರಟ ಅದೇ ಓಣಿಯವರು ಬೆಂಗಳೂರು ದಾಟಿ ಬಹಳ ದೂರ ಹೋಗಿರುತ್ತಾರೆ. ಗೆಲುವು ಆಮೇಲೂ ವಿಮಾನದ್ದೇ, ಆದರೆ ಅಂತರ ಕಡಿಮೆ.

ಟಿಕೆಟ್ ದರ ದೂರ ನೋಡಿ ಇಡ್ತಾರಾ, ಗಂಟೆ ನೋಡಿ ಇಡ್ತಾರಾ?

ಕಂಪನಿಗಳು ಇಡುವುದು ಬೇಡಿಕೆ ನೋಡಿ. ಸರ್ಕಾರ ಮಿತಿ ಹೇರಿದಾಗ ಮಾತ್ರ ಇದು ಪ್ರಶ್ನೆಯಾಗುತ್ತದೆ, ಮತ್ತು ಸರ್ಕಾರ ಎರಡನ್ನೂ ಮಾಡಿದೆ. 2020ರ ಮೇನಲ್ಲಿ ಲಾಕ್‌ಡೌನ್ ನಂತರ ವಿಮಾನಗಳು ಮತ್ತೆ ಶುರುವಾದಾಗ ದರಮಿತಿ ಹಾರಾಟದ ಅವಧಿಯ ಮೇಲೆ ಏಳು ಹಂತಗಳಲ್ಲಿತ್ತು. 2025ರ ಡಿಸೆಂಬರ್‌ನಲ್ಲಿ ಸಾಲುಸಾಲು ವಿಮಾನಗಳು ರದ್ದಾಗಿ ದರ ಗಗನಕ್ಕೇರಿದಾಗ ಮಿತಿ ಹೇರಿದ್ದು ಕಿಲೋಮೀಟರಿನ ಮೇಲೆ: 500ರವರೆಗೆ 7,500 ರೂಪಾಯಿ, 1,500 ದಾಟಿದರೆ 18,000.

ವಿಮಾನ ರದ್ದಾದರೆ ಪರಿಹಾರ ಕೊಡ್ತಾರಂತೆ. ಅದಕ್ಕೆ ದೂರ ಲೆಕ್ಕಾನಾ, ಸಮಯಾನಾ?

ಹೊರಟ ದೇಶ ಯಾವುದು ಎಂಬುದರ ಮೇಲಿದೆ. ಐರೋಪ್ಯ ಒಕ್ಕೂಟದಿಂದ ಹೊರಡುವ ಯಾವ ವಿಮಾನಕ್ಕೂ 2004ರ 261ನೇ ನಿಯಮ ಅನ್ವಯಿಸುತ್ತದೆ, ಅಲ್ಲಿ ದೂರವೇ ಲೆಕ್ಕ: 1,500 ಕಿ.ಮೀ.ವರೆಗೆ 250 ಯೂರೊ, 3,500ರವರೆಗೆ 400, ಅದಕ್ಕೂ ಮೇಲೆ 600. ದೂರವನ್ನು ಮಹಾವೃತ್ತದ ರೀತಿಯಲ್ಲೇ ಅಳೆಯಬೇಕೆಂದು ನಿಯಮದಲ್ಲೇ ಬರೆದಿದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವವರು ಸಹಜವಾಗಿ 600ರ ಸಾಲಿನಲ್ಲಿದ್ದಾರೆ. ಕಂಪನಿಯ ಕೈಮೀರಿದ ಕಾರಣವಾದರೆ ಹಣ ಸಿಗದು.

ಭಾರತದಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮ ನೋಡುವುದು ಬ್ಲಾಕ್ ಟೈಮ್, ಅಂದರೆ ಗೇಟ್‌ನಿಂದ ಗೇಟ್‌ಗೆ ಹಿಡಿಯುವ ಸಮಯ. ಸಕಾಲಕ್ಕೆ ತಿಳಿಸದೆ, ಕೈಮೀರಿದ ಕಾರಣವೂ ಇಲ್ಲದೆ ರದ್ದುಮಾಡಿದರೆ ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆವರೆಗೆ 7,500, ಅದಕ್ಕೂ ಹೆಚ್ಚಿದ್ದರೆ 10,000. ಇಲ್ಲವೇ ಟಿಕೆಟ್ಟಿನ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ, ಯಾವುದು ಕಡಿಮೆಯೋ ಅದು. ಹಾಗಾಗಿ ಬೆಂಗಳೂರು–ಮಂಗಳೂರು ವಿಮಾನ ಟಿಕೆಟ್ ಮೇಲೆ ಸರಿಯಾಗಿ 1 ಗಂಟೆ ಇದ್ದರೆ ಒಂದು ಹಂತ, 1 ಗಂಟೆ 5 ನಿಮಿಷ ಇದ್ದರೆ ಮೇಲಿನ ಹಂತ. ವೇಳಾಪಟ್ಟಿಯಲ್ಲಿ ಕಂಪನಿಯೇ ಸೇರಿಸಿಟ್ಟ ಐದು ನಿಮಿಷಕ್ಕೆ 2,500 ರೂಪಾಯಿ ಬೆಲೆ. ಅರ್ಜಿ ಹಾಕುವಾಗ ಟಿಕೆಟ್ಟಿನ ಹೊರಡುವ ಮತ್ತು ತಲುಪುವ ಸಮಯದ ಚಿತ್ರ ಜೊತೆಗಿಡಿ.